ಕೊಂಬಿನ ಬುಡದ ಕೆಂಪು ಉಣ್ಣೆ

ಡಿಸೆಂಬರ್ 6, 1986, ಶನಿವಾರ
ಕೆಲಸದ ಕೊಟ್ಟಿಗೆಯಿಂದ

ಕೇಳಿರಿ, ಗೋಡೆಯ ಮೇಲೆ ನೆರೆದ ಮಹಾಜನಗಳೇ. ಗಾಜುಗಣ್ಣಿನ ಕರಡಿರಾಯರೇ, ಬಾಯಿ ತೆರೆದೇ ಉಳಿದ ಮೀನುಗಳೇ, ಕುತ್ತಿಗೆಯ ಮಟ್ಟಕ್ಕೇ ಬಾಳು ಮುಗಿಸಿದ ಜಿಂಕೆಗಳೇ. ನಿಮ್ಮೆಲ್ಲರ ಚರ್ಮಕ್ಕೂ ಅಚ್ಚು ಕೂರಿಸಿ, ಜೀವ ಬಂದಂತೆ ನಿಲ್ಲಿಸಿದವನು ನಾನು. ಇಂದು ನೀವು ನನಗೆ ಸಾಕ್ಷಿ ನಿಲ್ಲಬೇಕು. ಪತ್ರ ನನ್ನ ತಮ್ಮನಿಗೆ. ಆದರೆ ಸಾಲು ಸಾಲನ್ನೂ ನಿಮ್ಮೆದುರು ಗಟ್ಟಿಯಾಗಿ ಓದಿಯೇ ಮುಂದಕ್ಕೆ ಹೋಗುತ್ತೇನೆ.

ಪ್ರೀತಿಯ ತಮ್ಮ ಓನ್ನಿ,

ನಗಬೇಡ. ಚಿಕ್ಕಂದಿನಲ್ಲಿ, ವಲಸೆ ಬಂದ ನಮ್ಮ ಫಿನ್ನಿಷ್ ಜನರ ಸಭಾಭವನದ ನಾಟಕಗಳಲ್ಲಿ ನಾನು ರಾಜನಾಗಿ ಗರ್ಜಿಸುವಾಗ ನೀನು ಸೇವಕನಾಗಿ ನಿಂತು ಮಾತು ಮರೆಯುತ್ತಿದ್ದೆ. ಕಿರೀಟ ಸರಿಪಡಿಸಿಕೊಳ್ಳುವ ನೆಪದಲ್ಲಿ ನಾನೇ ನಿನ್ನತ್ತ ಬಾಗಿ ಹೇಳಿಕೊಡುತ್ತಿದ್ದೆ. ಆಗಿನಿಂದಲೂ ನಿನ್ನ ಒಂದು ಗುಣ ಬಲ್ಲೆ. ನಿಜ ಹೇಳುವಾಗ ನೀನು ತಡವರಿಸುತ್ತೀ. ಬಾಯಿಪಾಠ ಮಾಡಿದ್ದನ್ನು ಮಾತ್ರ ಗಡಗಡನೆ ಒಪ್ಪಿಸುತ್ತೀ.

ಹೋದ ತಿಂಗಳು ಬೇಟೆಯ ಹಂಗಾಮಿನ ಎರಡನೆಯ ದಿನ ಸಂಜೆ, ಆ ಹತ್ತು ಕವಲಿನ ಕೊಂಬಿನ ಜಿಂಕೆಯ ತಲೆಯನ್ನು ಹೊತ್ತು ತಂದಾಗ ನೀನು ಗಡಗಡನೆ ಒಪ್ಪಿಸಿದೆ. “ಒಂದೇ ಗುಂಡು ಕಣಣ್ಣಾ, ಎಡಭುಜಕ್ಕೆ. ಅಲ್ಲೇ ಬಿತ್ತು. ರಸೆಲ್‌ನ ನಾನು ಬೆಳಿಗ್ಗೆಯಿಂದ ನೋಡೇ ಇಲ್ಲ.”

ರಸೆಲ್ ಎಲ್ಲಿ ಎಂದು ನಾನು ಕೇಳಿಯೇ ಇರಲಿಲ್ಲ, ಓನ್ನಿ. ಗಂಡ ಮನೆಗೆ ಬಂದಿಲ್ಲ ಎಂದು ನಮ್ಮ ತಂಗಿ ಐಲಾ ಫೋನು ಮಾಡಿದ್ದು ನೀನು ಹೊರಟುಹೋದ ಮೇಲೆ.

ಆ ರಾತ್ರಿಯ ಹಿಮ ಹೆಜ್ಜೆಗುರುತುಗಳನ್ನೆಲ್ಲ ನುಂಗಿತು. ಕೆರೆಯ ಮೇಲಿನ ಎಳೆಯ ಮಂಜುಗಡ್ಡೆ ಒಡೆದು ಮುಳುಗಿರಬೇಕು ಎಂದು ಹುಡುಕಲು ಹೋದವರು ಕೈಚೆಲ್ಲಿದರು. ಐಲಾ ನಂಬಿಲ್ಲ. ಇವತ್ತಿಗೂ ಅವನ ಪಾಲಿನ ಮಾಂಸದ ಕಡುಬನ್ನು ಒಲೆಯೊಳಗೆ ಬೆಚ್ಚಗಿಡುತ್ತಾಳೆ. “ಸತ್ತಿದ್ರೆ ಹೆಣನಾದ್ರೂ ತಂದುಕೊಡು ಸುಲೊ. ಅವನ ಚಪ್ಪಲಿ ಬಾಗಿಲಲ್ಲೇ ಇದೆ, ನಾನು ದಿನಾ ದಾಟ್ಕೊಂಡು ಓಡಾಡ್ತಿದೀನಿ” ಎಂದು ನನಗೆ ಹೇಳಿದಳು.

ನಿನ್ನೆ ನಿನ್ನ ಜಿಂಕೆಯ ಸರದಿ ಬಂತು. ತಲೆಯನ್ನು ಹಿಮಪೆಟ್ಟಿಗೆಯಿಂದ ತೆಗೆದು ಕರಗಿಸಿದೆ. ಬಲಗಡೆ ಕುತ್ತಿಗೆಯಲ್ಲಿ ಒಂದು ಉದ್ದನೆಯ ಸೀಳು. ಮುಳ್ಳುತಂತಿಗೆ ಸಿಕ್ಕಿದ್ದು ಎಂದು ನೀನು ಹೇಳಿದ್ದೆ. ಆದರೆ ನಾವು ಚರ್ಮವನ್ನು ಹೊಲಿಯುವುದು ಒಳಮಗ್ಗುಲಿನಿಂದ. ಸೀಳಿನ ಅಂಚುಗಳನ್ನು ಕೂಡಿಸಿದರೆ ನಡುವೆ ದುಂಡನೆಯ ತೂತು. ಗುಂಡು ಹೊಕ್ಕ ಕಡೆ ಆಗುವಂತೆ, ಅದರ ಸುತ್ತ ಕೂದಲು ಒಳಕ್ಕೆ ನುಗ್ಗಿತ್ತು. ಕಿವಿಯ ಬುಡದ ಮಾಂಸ ಬಿಡಿಸುವಾಗ ಸೀಸದ ಉಂಡೆಯೊಂದು ಮೇಜಿನ ಮೇಲೆ ಉರುಳಿತು. ಮೈಗೆ ತಾಮ್ರದ ಕವಚವಿಲ್ಲದ, ಮನೆಯಲ್ಲೇ ಎರಕ ಹೊಯ್ದ ಗುಂಡು.

ಯಾರ ಮನೆಯಲ್ಲಿ ಎಂದು ಹೇಳಬೇಕೇ? “ಅಂಗಡೀಲಿ ಗುಂಡು ಸಿಗಲ್ವಾ ಭಾವ, ಒಲೆ ಮೇಲೆ ಸೀಸ ಕುದಿಸ್ತೀಯಲ್ಲ, ಸೂಪಿಗೆ ಹಾಕ್ಕೋತೀಯಾ?” ಎಂದು ವರ್ಷವರ್ಷವೂ ರೇಗಿಸುತ್ತಿದ್ದವನು ನೀನೇ. “ನನ್ನ ಗುಂಡು ತಪ್ಪಲ್ಲ ಕಣೋ. ನಿಂದು ಬಾಯಿ ಒಂದೇ ಗುರಿ ಮುಟ್ಟೋದು” ಎಂದು ರಸೆಲ್ ನಗುತ್ತಿದ್ದ.

ಅಷ್ಟಕ್ಕೇ ನಾನು ಬೆದರಲಿಲ್ಲ. ಅವನಿಂದ ಗಾಯಗೊಂಡ ಜಿಂಕೆ ಓಡಿ ನಿನ್ನೆದುರು ಬಂದಿರಬಹುದು ಎಂದುಕೊಂಡೆ. ತಮ್ಮನಲ್ಲವೇ, ನಿನ್ನ ಪರವಾಗಿ ಎಷ್ಟು ವಾದ ಬೇಕಾದರೂ ಹೂಡಬಲ್ಲೆ. ಆಮೇಲೆ ಕೊಂಬು ತೊಳೆಯಲು ಕೂತೆ.

ಉರುಳಿಸಿದ ಜಿಂಕೆಯ ಕೊಂಬಿಗೆ ತನ್ನ ಪರವಾನಗಿ ಚೀಟಿ ಕಟ್ಟದೆ ನಮ್ಮಲ್ಲಿ ಯಾರೂ ಅದನ್ನು ಎಳೆಯುವುದಿಲ್ಲ. ನೀನು ಕಟ್ಟುವುದು ತಂತಿಯಿಂದ. ರಸೆಲ್ ಕಟ್ಟುತ್ತಿದ್ದುದು ಐಲಾ ಕೊಡುತ್ತಿದ್ದ ಕೆಂಪು ಉಣ್ಣೆಯಿಂದ. ಕೊಂಬಿನ ಬುಡದ ಗಂಟುಗಳ ನಡುವೆ ಬೆರಳುದ್ದದ ಕೆಂಪು ಎಳೆ ಸಿಕ್ಕಿಕೊಂಡಿತ್ತು. ಅದರ ತುದಿ ಹರಿದದ್ದಲ್ಲ, ಚಾಕುವಿನಿಂದ ಕೊಯ್ದದ್ದು.

ಕೆರೆಯಲ್ಲಿ ಮುಳುಗಿದವನು ಬಂದು ಚೀಟಿ ಕಟ್ಟಲಾರ, ಓನ್ನಿ. ಆ ಜಿಂಕೆ ಬಿದ್ದಾಗ ರಸೆಲ್ ಅದರ ಪಕ್ಕದಲ್ಲಿ ಮಂಡಿಯೂರಿದ್ದ. ಮೊದಲ ಗುಂಡು ಯಾರದೋ, ಜಿಂಕೆ ಅವನದು ಎಂಬುದು ಅಪ್ಪ ಮಾಡಿಟ್ಟ ಕಟ್ಟಳೆ. ಅವನು ಅದನ್ನೇ ಹೇಳಿರಬೇಕು. ನಗುತ್ತಲೇ ಹೇಳಿರಬೇಕು. ಮುಂದಿನ ದೃಶ್ಯದ ಪರದೆಯನ್ನು ನಾನು ಎತ್ತಲಾರೆ.

ಆ ತಲೆಯನ್ನು ಕಾಡಿನಲ್ಲೇ ಬಿಟ್ಟು ಬಂದಿದ್ದರೆ ನರಿಗಳು ಸಾಕ್ಷಿಯನ್ನೆಲ್ಲ ತಿಂದು ಮುಗಿಸುತ್ತಿದ್ದವು. ನಿನಗೆ ಬಿಡಲಾಗಲಿಲ್ಲ. ಹತ್ತು ಕವಲು! ಅದು ಗೋಡೆಗೇರಬೇಕು, ಕೆಳಗೆ ನಿನ್ನ ಹೆಸರಿರಬೇಕು, ಅದಕ್ಕೆ ನಿನ್ನಣ್ಣನೇ ಕಣ್ಣು ಕೂರಿಸಬೇಕು. ಈ ಕೈಗಳಿಂದ ಆಗುವುದಿಲ್ಲ.

ಇಂದು ಬೆಳಿಗ್ಗೆ ಕೆಲಸ ಎಲ್ಲಿಗೆ ಬಂತು ಎಂದು ನೀನು ಫೋನಿನಲ್ಲಿ ಕೇಳಿದೆ. “ಕೊಂಬು ತೊಳೀತಿದೀನಿ” ಎಂದೆ ನಾನು. ನೀನು ಗಡಗಡನೆ ಒಪ್ಪಿಸಿದೆ. “ನಾಳೆ ಬೆಳಿಗ್ಗೆ ಮೊಲ ಹೊಡೆಯೋಕೆ ಹೋಗೋಣ ಅಣ್ಣಾ. ದೇವದಾರು ಜೌಗಿಗೆ. ನಾವಿಬ್ಬರೇ. ಐಲಾಗೆ ಹೇಳೋದು ಬೇಡ.”

ಹದಿನೈದು ವರ್ಷದಿಂದ ನೀನು ನನ್ನನ್ನು ಬೇಟೆಗೆ ಕರೆದವನಲ್ಲ.

ಸಂಜೆ ಎಂದಿನಂತೆ ನಮ್ಮ ಹಬೆಸ್ನಾನದ ಸೌನಾಕ್ಕೆ ಬರುತ್ತೀಯಲ್ಲ, ಹೊರಕೋಣೆಯಲ್ಲಿ ನಿನ್ನ ಟವಲಿನ ಕೆಳಗೆ ಈ ಪತ್ರ ಇರುತ್ತದೆ. ನಾನು ಒಳಗೆ ಬಿಸಿಕಲ್ಲುಗಳ ಮುಂದೆ ಕೂತಿರುತ್ತೇನೆ. ಬಂದು ತಡವರಿಸು, ತಮ್ಮಾ. ಈ ಸಲ ನಾನು ಮಾತು ಹೇಳಿಕೊಡುವುದಿಲ್ಲ.

ನಿನ್ನ ಅಣ್ಣ,
ಸುಲೊ

ಮರೆತಿದ್ದೆ: ಕೊಂಬು ಈಗ ನನ್ನಲ್ಲಿಲ್ಲ. ಕೆಂಪು ಎಳೆಯ ಸಮೇತ ಐಲಾಳ ಅಡುಗೆಮನೆಯ ಮೇಜಿನ ಮೇಲೆ, ಬಟ್ಟೆಯ ಕೆಳಗಿದೆ. ನಾಳೆ ಮಧ್ಯಾಹ್ನದವರೆಗೆ ಬಟ್ಟೆ ಎತ್ತಬೇಡ ಎಂದು ಅವಳಿಗೆ ಹೇಳಿಬಂದಿದ್ದೇನೆ. ನೀನು ಸೌನಾದೊಳಕ್ಕೆ ಬಂದರೂ ಬಾರದಿದ್ದರೂ ನಾಳೆ ಬೆಳಿಗ್ಗೆ ನಾನು ಜೌಗಿಗೆ ಬರುತ್ತೇನೆ. ಬಂದೂಕು ತರುವುದಿಲ್ಲ. ಜಿಂಕೆ ಎಳೆಯುವ ಜಾರುಬಂಡಿಯನ್ನು ತರುತ್ತೇನೆ. ಅದು ಬರಿದಾಗಿ ಹಿಂದಿರುಗುವುದಿಲ್ಲ. ಅದರ ಮೇಲೆ ಮಲಗಿ ಬರುವವನು ರಸೆಲ್ಲೋ ನಾನೋ, ಅದನ್ನು ನೀನು ತೀರ್ಮಾನಿಸು.