ಹಂಸಾಳ ಕಾಫಿಪುಡಿ

ನವೆಂಬರ್ 9, ಭಾನುವಾರ

ಹಂಸಾ ಬಿಟ್ಟುಹೋಗಿದ್ದ ಕಾಫಿಪುಡಿ ಇವತ್ತು ಮುಗಿಯಿತು. ಪುಡಿ ಅವಳ ಕಂಪನಿಯದು, ಡಬ್ಬ ನನ್ನ ಕಂಪನಿಯದು. ಎದುರಾಳಿ ಕಾಫಿ ಕಂಪನಿಗಳ ಸೇಲ್ಸ್ ಹೆಡ್‌ಗಳು ನಾವು. ಆಫೀಸಿನವರು ಮನೆಗೆ ಬಂದರೆ ನಮ್ಮ ಪ್ರೀತಿಯ ಸುಳಿವು ಸಿಗದಿರಲೆಂದು ಅವಳೇ ಹಾಗೆ ಸುರಿದಿಡುತ್ತಿದ್ದಳು. ಕೊನೆಗೆ, "ನಿನ್ನ ಡಬ್ಬದೊಳಗೆ ಬಚ್ಚಿಟ್ಕೊಂಡಿದ್ದು ಸಾಕಾಯ್ತು ಕಣೇ" ಎಂದು ಕೆಲಸವನ್ನೂ ನನ್ನನ್ನೂ ಬಿಟ್ಟು ಪುಣೆಗೆ ಹೋದಳು.

ಸಂಜೆ ಯಡಿಯೂರಿನ ಅಂಗಡಿಯಲ್ಲಿ ಅವಳ ಕಂಪನಿಯ ಪ್ಯಾಕೆಟ್ಟನ್ನೇ ಕೇಳಿದೆ. ಅಂಗಡಿಯ ಮಾಧವಣ್ಣ ನಕ್ಕರು.

"ಏನ್ ಮೇಡಂ, ನೀವೇ ಅವ್ರ ಪುಡಿ ತಗೊಂಡ್ರೆ ಹೆಂಗೆ?"

"ಸುಮ್ನೆ ಟೆಸ್ಟಿಂಗ್‌ಗೆ ಅಣ್ಣ" ಎಂದೆ. ಅವಳು ಹೋದ ಮೇಲೂ ಸುಳ್ಳು.

ಮನೆಗೆ ಬಂದು ಡಿಕಾಕ್ಷನ್ ಇಳಿಸಿದೆ. ಒಂದೇ ಗುಟುಕಿಗೆ ಗೊತ್ತಾಯಿತು, ಚಿಕೋರಿ ಜಾಸ್ತಿ ಮಾಡಿದ್ದಾರೆ. ಹಂಸಾ ತಾನಿದ್ದಷ್ಟು ದಿನ ಮಾಲೀಕರ ಜೊತೆ ಜಗಳವಾಡಿ ಅದನ್ನು ತಡೆದಿದ್ದಳು. ನಾಳೆ ಮೀಟಿಂಗಿನಲ್ಲಿ ಹೇಳಿದರೆ ನಮ್ಮವರು ಕುಣಿದಾಡುತ್ತಾರೆ. ಹೇಳಲಾರೆ.

ಹೊಸ ಪುಡಿ ತುಂಬಿಸಲೆಂದು ಡಬ್ಬವನ್ನು ಬೆಳಿಗ್ಗೆಯೇ ಸೋಪು ಹಾಕಿ ಉಜ್ಜಿ ತೊಳೆದಿಟ್ಟಿದ್ದೆ. ಈಗ ಮುಚ್ಚಳ ತೆಗೆದು ಮೂಸಿದೆ. ಸೋಪಿನ ವಾಸನೆ. ಯಾಕೆ ತೊಳೆದೆನೋ, ಹಾಗೇ ಬಿಟ್ಟಿದ್ದರೆ ಇನ್ನೊಂದಷ್ಟು ದಿನವಾದರೂ ಅವಳ ಪುಡಿಯ ಘಮ ಉಳಿದಿರುತ್ತಿತ್ತು.