ಗುರುತಿಲ್ಲದ ಹೆಸರುಗಳು

ಜೂನ್ 2, ಭಾನುವಾರ
ಮೂರನೇ ಸಲ ಇನ್‌ಸ್ಟಾಲ್. ಈ ಸಲ ಸರ್ವರ್ ಎದ್ದಿತು. ಸರ್ವರ್ ಅಂದರೆ ಏನು ಮಹಾ — ಇವರ ಹಳೇ ಲ್ಯಾಪ್‌ಟಾಪ್, ಸ್ಕ್ರೀನ್ ಒಡೆದದ್ದು, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಇನ್ನು ಮನೆಯ ನಾಲ್ಕೂ ಕಂಪ್ಯೂಟರಿಗೆ ಅದೇ ಯಜಮಾನ. ಇವರು, ಮಗಳು, ಅಮ್ಮ, ನಾನು — ಯಾರು ಎಲ್ಲಿ ಕೂತರೂ ತಮ್ಮ ಹೆಸರು, ಪಾಸ್‌ವರ್ಡ್ ಹಾಕಿದರೆ ಸಾಕು. ನಮ್ಮ ಎಕ್ಸ್‌ರೇ ವಿಭಾಗದಲ್ಲಿ ಹೀಗೇ. ಮನೆಯಲ್ಲಿ ಯಾಕಾಗಬಾರದು? ಪಾಸ್‌ವರ್ಡ್ ಅವರವರೇ ಇಟ್ಟುಕೊಂಡರು. ಐದು ಸಲ ತಪ್ಪಿದರೆ ಲಾಕ್. ಅದೂ ಆಸ್ಪತ್ರೆಯ ನಿಯಮವೇ.

"ಫ್ರಿಜ್ಜಿಗೂ ಒಂದು ಲಾಗಿನ್ ಇಟ್ಬಿಡು," ಅಂದರು ಇವರು. ಹೊಟ್ಟೆಕಿಚ್ಚು.

ಜೂನ್ 6
ಅಮ್ಮನ ಹೊಲಿಗೆ ಕೋಣೆಯ ಕಂಪ್ಯೂಟರ್ ಒಳಗೆ ಬಿಡುತ್ತಿಲ್ಲವಂತೆ. ಗಿರಾಕಿಗಳ ಅಳತೆಯೆಲ್ಲ ಅದರಲ್ಲೇ. ನೋಡಿದರೆ ಲಾಕ್ ಆಗಿತ್ತು, ತೆಗೆದೆ. "ಕ್ಯಾಪ್ಸ್ ಲಾಕ್ ಒತ್ತಿರ್ಬೇಕಮ್ಮ." "ಇರ್ಬೋದು. ನೀನು ಕೆಲಸಕ್ಕೆ ಹೋಗು, ತಡ ಆಗುತ್ತೆ."

ಜೂನ್ 8, ಸಂಜೆ
ಸರ್ವರಿನ ಲಾಗ್ ತೆರೆದೆ — ಯಾರು ಯಾವಾಗ ಒಳಬಂದರೆಂಬ ಪಟ್ಟಿ. ತಲೆ ಕೆಟ್ಟಿತು. ಹೊಲಿಗೆ ಕೋಣೆಯ ಕಂಪ್ಯೂಟರಿನಿಂದ, ಬೆಳಿಗ್ಗೆ ಹತ್ತೂವರೆಗೆ, '4417' ಎಂಬ ಹೆಸರಲ್ಲಿ ಯಾರೋ ನುಗ್ಗಲು ನೋಡಿದ್ದಾರೆ. ಆಮೇಲೆ 'ಬಿಳಿಗೇಟು'. ಅಂಥವರು ಇಲ್ಲಿಲ್ಲ ಎಂದು ಸರ್ವರ್ ವಾಪಸು ಅಟ್ಟಿದೆ. ಯಾರಪ್ಪಾ ಇವರು? ವೈಫೈ ಕದಿಯುವ ಮೇಲಿನ ಮನೆಯವನೇ ಆ ಕಂಪ್ಯೂಟರಿನೊಳಗೆ ಹೊಕ್ಕಿದ್ದಾನೆಯೇ? ವೈಫೈ ಪಾಸ್‌ವರ್ಡ್ ಬದಲಿಸಿದೆ. ಮಗಳು ಗುರ್ರೆಂದಳು.

ಜೂನ್ 11
ನಿಂತಿಲ್ಲ. ಇವತ್ತು ಒಂಬತ್ತು ಹೆಸರು. ವೈರಸ್ಸೋ? ನಾನೇ ಏನಾದರೂ ತಪ್ಪು ಒತ್ತಿದೆನೋ? ಒಂದಕ್ಕೊಂದು ತಾಳೆಯಾಗುತ್ತಿಲ್ಲ...

ಸಾಲದ್ದಕ್ಕೆ ಕೋಟಿನ ಗಿರಾಕಿ ಬಂದು ಕೂಗಾಡಿದ. ತೋಳು ಮೂರು ಇಂಚು ಗಿಡ್ಡ. ಅಮ್ಮ ಅಳತೆ ನೋಡದೆ ಹೊಲಿದಿದ್ದಾಳೆ. "ಎಲ್ಲಾ ತಲೇಲೇ ಇದೆ ಕಣೇ, ನಿನ್ನ ಡಬ್ಬ ಯಾರಿಗೆ ಬೇಕು?" ಮೂವತ್ತು ವರ್ಷದಲ್ಲಿ ಅರ್ಧ ಇಂಚು ತಪ್ಪಿದವಳಲ್ಲ.

ಜೂನ್ 17
ಪಟ್ಟಿಯಲ್ಲಿ 'ಬುಡ್ಡ'.

ತಮ್ಮನನ್ನು ಹಾಗೆ ಕರೆಯುತ್ತಿದ್ದವರು ಅಪ್ಪ, ಅಮ್ಮ, ನಾನು, ಅಷ್ಟೇ. ಹಾಗಾದರೆ 4417 — ಅಪ್ಪನ ಸ್ಕೂಟರ್! ಬಿಳಿಗೇಟು ನಮ್ಮ ಮೊದಲ ಬಾಡಿಗೆ ಮನೆ. ಕಳ್ಳನೂ ಇಲ್ಲ, ವೈರಸ್ಸೂ ಇಲ್ಲ. ಅಮ್ಮ ಪಾಸ್‌ವರ್ಡ್ ಮರೆತಿದ್ದಾಳೆ. ಅದನ್ನು ಎಲ್ಲಿ ಹಾಕಬೇಕೆಂಬುದನ್ನೂ ಮರೆತಿದ್ದಾಳೆ. ನೆನಪಿಗೆ ಬಂದದ್ದನ್ನೆಲ್ಲ ಹೆಸರಿನ ಜಾಗದಲ್ಲಿ ಹೊಡೆಯುತ್ತಿದ್ದಾಳೆ, ದಿನಾ, ನಾನು ಮನೆ ಬಿಟ್ಟ ಮೇಲೆ. ಯಾರಿಗೂ ತುಟಿಪಿಟಿಕ್ ಅಂದಿಲ್ಲ. ನಾನು ಲಾಕು ಗೀಕು ಎಂದು ಮೆರೆಯುತ್ತಿದ್ದೆ. ಭಯವಾಗುತ್ತಿದೆ. ಇವರಿಗೆ ಹೇಳಲೇ? ಅಮ್ಮನಿಗೇ ಹೇಳಲೇ? ಏನೆಂದು?

ಜೂನ್ 18, ಮಧ್ಯಾಹ್ನ
ರಜೆ ಹಾಕಿದೆ. ಹತ್ತೂವರೆಗೆ ಹೊಲಿಗೆ ಕೋಣೆಗೆ ಹೋದೆ. ಅಮ್ಮ ಟೇಪು ಕುತ್ತಿಗೆಗೆ ಹಾಕಿಕೊಂಡು ಸ್ಕ್ರೀನ್ ಮುಂದೆ ಕೂತಿದ್ದಳು.

"ಪಾಸ್‌ವರ್ಡೇ ತೆಗೆದ್ಬಿಡ್ತೀನಮ್ಮ. ನಾಳೆ ಹಾಗೇ ಡಾಕ್ಟ್ರ ಹತ್ರಾನೂ ಹೋಗ್ಬರೋಣ."

ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ.

"ತೆಗೀಬೇಡ ಕಣೇ. ಅದು ನಿನ್ನ ಹೆಸರು. ಚಿಕ್ಕೋಳಿದ್ದಾಗ ಮುದ್ದಿಗೆ ಕರೀತಿದ್ನಲ್ಲ, ಅದು. ಎಲ್ಲಾರ್ದೂ ಬರುತ್ತೆ, ಅದೊಂದು ಮಾತ್ರ..." ನನ್ನ ಕೈ ಹಿಡಿದುಕೊಂಡಳು. "ಏನಂತ ಕರೀತಿದ್ದೆ, ಹೇಳು?"

ಹೇಳಿದೆ. ಇನ್ನೊಂದು ಸಲ ಹೇಳಿಸಿದಳು.

"ಚೆನ್ನಾಗಿದೆ," ಅಂದಳು — ಮೊದಲ ಸಲ ಕೇಳಿದವಳ ಹಾಗೆ.