ಭುಜದ ಮೇಲಿನ ಕೈ

ಉಮ್ಮಾ, ಸಲಾಂ. ಈ ಕಾರ್ಡಿನ ಮೇಲಿರುವ ಒಂಟೆಯನ್ನು ನಾನಿನ್ನೂ ಕಂಡಿಲ್ಲ. ಮಸ್ಕತ್ತಿನಲ್ಲಿ ನಾನು ಕಾಣುವುದು ಆಫೀಸಿನ ಕಂಪ್ಯೂಟರ್ ಮಾತ್ರ. ನೂರು ವರ್ಷದ ಹಿಂದೆ ದೇಶ ಕಳೆದುಕೊಂಡ ರಷ್ಯನ್ನರ ಪ್ರಯಾಣಪತ್ರಗಳ ಸ್ಕ್ಯಾನ್ ನೋಡಿ ಹೆಸರು ಟೈಪ್ ಮಾಡುವುದು ಈಗಿನ ಕೆಲಸ. ನಿನ್ನೆ ಒಬ್ಬ ಹೆಂಗಸಿನ ಪ್ರಯಾಣಪತ್ರ ಬಂತು. ಫೋಟೋವನ್ನು ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ಅಂಟಿಸಿದ್ದಾಳೆ. ಭುಜದ ಮೇಲೆ ಇನ್ಯಾರದೋ ಕೈ ಹಾಗೇ ಉಳಿದಿದೆ. ಅಧಿಕಾರಿ ಆ ಕೈಯ ಮೇಲೆಯೇ ಮೊಹರು ಒತ್ತಿ ಅವಳನ್ನು ಪ್ಯಾರಿಸಿಗೆ ಕಳಿಸಿದ್ದಾನೆ.

ನಿಮ್ಮ ವೀಸಾ ಅರ್ಜಿ ಮಾತ್ರ ವಾಪಸ್ ಬಂದಿದೆ. ನಮ್ಮ ರಿಫಾಳ ಮದುವೆಯ ಫೋಟೋದಿಂದ ನಿಮ್ಮನ್ನು ಕತ್ತರಿಸಿ ಕಳಿಸಿದಿರಲ್ಲ, ಅದರಲ್ಲಿ ಝೊಹರಾ ಚಿಕ್ಕಮ್ಮನ ಕೈ ನಿಮ್ಮ ಭುಜದ ಮೇಲಿದೆ. ಇಲ್ಲಿ ಅರ್ಜಿ ತುಂಬಿಕೊಡುವ ಪುತ್ತೂರಿನವರು, "ಈ ಕೈ ಯಾರದ್ದು ಮಾರಾಯ್ರೆ? ಅದಕ್ಕೂ ವೀಸಾ ಬೇಕಾ?" ಎಂದು ಕೇಳಿದರು. ದೇಶವೇ ಇಲ್ಲದವಳು ಯಾರದೋ ಕೈ ಸಮೇತ ಗಡಿ ದಾಟಿದಳು. ದೇಶ, ಪಾಸ್‌ಪೋರ್ಟ್, ಆಧಾರ್ ಎಲ್ಲ ಇರುವ ನೀವು ಉಳ್ಳಾಲದಲ್ಲೇ ಇದ್ದೀರಿ.

ನನ್ನ ಬಿಪಿ ಸರಿಯಿದೆ, ಕಾಲು ಊದಿದೆ. ಹೆರಿಗೆ ಬರುವ ತಿಂಗಳೇ ಅಂತೆ. ಬೇರೆ ಫೋಟೋ ತೆಗೆಸಿ ಎಂದು ಫೋನಿನಲ್ಲಿ ಹೇಳಿದರೆ ನೀವು ನಕ್ಕುಬಿಡುತ್ತೀರಿ, ಅದಕ್ಕೇ ಊರಿಗೆ ಹೊರಟ ಪಕ್ಕದ ಮನೆಯ ಮಹ್ರೂಫ್ ಕೈಯಲ್ಲಿ ಈ ಕಾರ್ಡ್ ಕೊಡುತ್ತಿದ್ದೇನೆ. ಸ್ಟುಡಿಯೋದಲ್ಲಿ ಬಿಳಿ ಪರದೆಯ ಮುಂದೆ ಒಬ್ಬರೇ ಕೂತು ಫೋಟೋ ತೆಗೆಸಿ. ನಾಚಿಕೆಯಾದರೆ ಚಿಕ್ಕಮ್ಮ ಬಾಗಿಲ ಹೊರಗೆ ನಿಲ್ಲಲಿ. ಮಹ್ರೂಫ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ.

ಬೇಗ ಬನ್ನಿ ಉಮ್ಮಾ, ನನ್ನ ಭುಜಕ್ಕೂ ಒಂದು ಕೈ ಬೇಕು.

ಆಫಿಯಾ